ಕೂಳೂರು ಸಂಕದ ಮೇಲೆ ಇಪ್ಪತ್ತೇಳು ಮಂದಿ

ಮೊದಲೇ ಹೇಳಿಬಿಡುತ್ತೇನೆ, ನಾನು ಆಟ ಆಡುವ ಜನ ಅಲ್ಲ. ಚಿಕ್ಕಂದಿನಲ್ಲಿ ಲಗೋರಿ ಕೂಡ ಆಡಿದವನಲ್ಲ. ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದ ಉಮರಬ್ಬ ಈಗ ಅರುವತ್ತಾರನೆಯ ವಯಸ್ಸಿನಲ್ಲಿ ಟಿವಿಯ ಎದುರು ಕೂತು ಬಸ್ಸಿನ ಆಟ ಆಡುತ್ತಾನಂತೆ ಎಂದು ಕುದ್ರೋಳಿಯಲ್ಲಿ ಯಾರಾದರೂ ನಗುವುದಿದ್ದರೆ, ಪೂರ್ತಿ ಕೇಳಿ ಆಮೇಲೆ ನಗಲಿ.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಹೊರಟು ಕಂಕನಾಡಿ, ನಂತೂರು, ಕೊಟ್ಟಾರ, ಕೂಳೂರು ದಾಟಿ ಕಾಟಿಪಳ್ಳ. ಇದು ನನ್ನ ರೂಟು. ನನಗೆ ಕೋಪ ಮೂಗಿನ ತುದಿಯಲ್ಲಿ ಎಂದು ಹೆಂಡತಿ ಸುಹರಾ ಹೇಳುತ್ತಾಳೆ. ನಂತೂರಿನ ಲಾರಿಗಳ ನಡುವೆ ಮೂವತ್ತೊಂದು ವರ್ಷ ಕಾದವನಿಗೆ ಕೋಪ ಅಲ್ಲದೆ ಮತ್ತೇನು ಬರಬೇಕು? ಆದರೆ ಒಂದು ಮಾತು. ಅಷ್ಟು ವರ್ಷದಲ್ಲಿ ಹತ್ತಿದ ಜನರನ್ನು ದಾರಿಯಲ್ಲಿ ಬಿಟ್ಟವನಲ್ಲ ನಾನು, ಒಂದು ದಿನದ ಹೊರತು.

ಮೂರು ವರ್ಷದ ಹಿಂದಿನ ಮಾತು. ಮಧ್ಯಾಹ್ನದ ಟ್ರಿಪ್ಪು. ಕೂಳೂರು ಸಂಕದ, ಅಂದರೆ ಹೊಳೆ ದಾಟುವ ಸೇತುವೆಯ, ನಡುವಿಗೆ ಬರುವಾಗ ಎದೆಯ ಮೇಲೆ ಯಾರೋ ಅಕ್ಕಿಮುಡಿ ಇಟ್ಟ ಹಾಗಾಯಿತು. ಬಸ್ಸನ್ನು ಎಡಕ್ಕೆ ಒತ್ತಿ ಹ್ಯಾಂಡ್‌ಬ್ರೇಕ್ ಎಳೆದದ್ದು ನೆನಪಿದೆ. ಮತ್ತೆ ಕಣ್ಣು ಬಿಟ್ಟದ್ದು ಆಸ್ಪತ್ರೆಯಲ್ಲಿ. ಬಸ್ಸಿನಲ್ಲಿ ಇಪ್ಪತ್ತೇಳು ಮಂದಿ ಇದ್ದರು. ಟಿಕೇಟು ಕೊಟ್ಟು ಮುಗಿದ ಮೇಲೆ ತಲೆ ಎಣಿಸಿ ಕೂಗಿ ಹೇಳುವುದು ನನ್ನ ಕಂಡಕ್ಟರ್ ಯೂಸ್ಟೇಸನ ಅಭ್ಯಾಸ, ಹಾಗಾಗಿ ಲೆಕ್ಕ ನನಗೆ ಗೊತ್ತು. ನಮ್ಮ ಹಿಂದೆ ನಾಲ್ಕು ನಿಮಿಷ ಬಿಟ್ಟು ಬರುವ ಬಸ್ಸಿಗೂ ನಮಗೂ ಟೈಮಿಂಗಿನ ವಿಷಯದಲ್ಲಿ ಹಾವು ಮುಂಗುಸಿ. ನನ್ನ ಜನ ಅದಕ್ಕೆ ಹತ್ತಿದರಂತೆ. ಅದು ಮೊದಲೇ ತುಂಬಿ ಬರುವ ಬಸ್ಸು. ಎಲ್ಲರೂ ಹತ್ತಿದರೋ, ಯಾರಾದರೂ ಸಂಕದ ಮೇಲೆಯೇ ಬಾಕಿಯಾದರೋ, ನಾನು ಕೇಳಲಿಲ್ಲ. ಕೇಳಲು ಹೆದರಿಕೆ. ಯೂಸ್ಟೇಸ್ ತಾನಾಗಿ ಹೇಳಲೂ ಇಲ್ಲ. ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಬರೆದುಕೊಟ್ಟರು. ಆ ಟ್ರಿಪ್ಪು ಅಲ್ಲಿಗೇ ನಿಂತಿದೆ. ಇಪ್ಪತ್ತೇಳು ಮಂದಿ ಬಿಸಿಲಿನಲ್ಲಿ ನಿಂತು ನನ್ನನ್ನು ಕಾಯುತ್ತಿದ್ದಾರೆ ಎಂದೇ ಅನಿಸುತ್ತದೆ, ಊಟ ಮಾಡುವಾಗಲೂ.

ಮೊಮ್ಮಗಳು ಮರ್ವಾ ಇಂಜಿನಿಯರಿಂಗ್ ಓದುವವಳು, ನಮ್ಮ ಫ್ಲಾಟಿನಲ್ಲೇ ಇರುವುದು. ಒಂದು ಸಂಜೆ ಅವಳು ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿದಳು. "ಅಜ್ಜ, ಇಲ್ಲಿ ನೋಡಿ. ಬಸ್ಸಿನ ಗೇಮ್. ಇದರಲ್ಲಿ ಮಂಗಳೂರು ಉಂಟು."

ಯಾವನೋ ಪುಣ್ಯಾತ್ಮ, ಮಾಡಲು ಬೇರೆ ಕೆಲಸ ಇಲ್ಲದವನು, ನಮ್ಮ ರೂಟನ್ನು ಇದ್ದ ಹಾಗೆ ಅದರೊಳಗೆ ಕಟ್ಟಿ ಊರವರಿಗೆಲ್ಲ ಪುಕ್ಕಟೆ ಬಿಟ್ಟಿದ್ದ. ಕಂಕನಾಡಿಯ ತಿರುವಿನ ಹೊಂಡ ಕೂಡ ಅದೇ ಜಾಗದಲ್ಲಿತ್ತು.

"ಕೂಳೂರು ಸಂಕ ಉಂಟಾ?" ಎಂದು ಕೇಳಿದೆ.

"ಉಂಟು."

ನಾನು ಚಾ ಅರ್ಧಕ್ಕೆ ಬಿಟ್ಟು ಎದ್ದೆ. ಆ ಟ್ರಿಪ್ಪು ಮುಗಿಸಬೇಕು. ಡಾಕ್ಟರ ಚೀಟಿಯಲ್ಲಿ ಲ್ಯಾಪ್‌ಟಾಪಿನ ಬಸ್ಸಿನ ಬಗ್ಗೆ ಏನೂ ಬರೆದಿರಲಿಲ್ಲ.

ಗಲ್ಫಿನಲ್ಲಿರುವ ಮಗ ನಿಯಾಝ್ ಪ್ಲಾಸ್ಟಿಕ್ಕಿನ ಸ್ಟಿಯರಿಂಗೂ ಕಾಲಿಗೆ ಪೆಡಲೂ ಕಳಿಸಿದ. ಕೂತೆ. ಎಂಜಿನ್ ಶುರು ಮಾಡಿದೆ. ಹತ್ತು ನಿಮಿಷ ಹಾಗೆಯೇ ಕೂತೆ.

"ಎಂತ ಅಜ್ಜ, ಹೋಗಿ," ಎಂದಳು ಮರ್ವಾ.

"ಸೀಟಿ ಆಗ್ಲಿಲ್ಲ."

"ಗೇಮಲ್ಲಿ ಕಂಡಕ್ಟರ್ ಇಲ್ಲ ಅಜ್ಜ."

"ಕಂಡಕ್ಟರ್ ಇಲ್ಲದೆ ಬಸ್ಸು ಹೋಗುವುದು ಹೇಗೆ ಮಾರಾಯ್ತಿ?"

ಅವಳಿಗೆ ಇದು ತಮಾಷೆ. ಸಿಟಿ ಬಸ್ಸಿನವನಿಗೆ ಇದು ತಮಾಷೆ ಅಲ್ಲ. ಒಂದು ಸೀಟಿ ಆದರೆ ನಿಲ್ಲಿಸಬೇಕು, ಎರಡು ಸೀಟಿ ಆದರೆ ಹೊರಡಬೇಕು. ಎದುರು ನೋಡುವುದು ಡ್ರೈವರ್, ಹಿಂದೆ ನೋಡುವುದು ಕಂಡಕ್ಟರ್. ಕನ್ನಡಿ ಇರುವುದು ಲಾರಿ ಕಾಣಲಿಕ್ಕೆ. ಜನ ಹತ್ತಿದರಾ, ಇಳಿದರಾ, ಯಾರ ಸೆರಗು ಬಾಗಿಲಿಗೆ ಸಿಕ್ಕಿತಾ, ಅದೆಲ್ಲ ಅವನ ತಲೆಬಿಸಿ. ಎರಡು ಸೀಟಿ ಬಿದ್ದ ಮೇಲೆ ಡ್ರೈವರ್ ತಿರುಗಿ ನೋಡಿದರೆ ಅದು ಕಂಡಕ್ಟರನಿಗೆ ಮಾಡುವ ಅವಮಾನ.

ಹಾಗಾಗಿ ಯೂಸ್ಟೇಸನಿಗೆ ಫೋನು ಮಾಡಿದೆ. ನನಗಿಂತ ಐದು ವರ್ಷ ಚಿಕ್ಕವನು, ನಾನು ಬಿಟ್ಟ ದಿನವೇ ಅವನೂ ಬಸ್ಸು ಬಿಟ್ಟವನು. ಕ್ರಿಶ್ಚಿಯನ್ನರನ್ನು ನಮ್ಮಲ್ಲಿ ಪೊರ್ಬು ಎಂದು ಕರೆಯುವ ರೂಢಿ, ನನಗೆ ಅವನು ಯಾವಾಗಲೂ ಪೊರ್ಬುವೇ. ಮರುದಿನ ಬಿಜೈಯಿಂದ ಬಂದ. ಖಾಕಿ ಅಂಗಿ ಹಾಕಿಕೊಂಡೇ ಬಂದ. ಕೊರಳಲ್ಲಿ ಸೀಟಿ. ಮನೆಯ ಹಾಲ್‌ನಲ್ಲಿ ನನ್ನ ಹಿಂದೆ ನಾಲ್ಕು ಕುರ್ಚಿ ಇಟ್ಟ. ಬಟಾಟೆ ಸುಲಿಯುತ್ತಿದ್ದ ಸುಹರಾಳನ್ನು ತಟ್ಟೆಯ ಸಮೇತ ಮೊದಲ ಕುರ್ಚಿಯಲ್ಲಿ ಕೂರಿಸಿದ. ಆಮೇಲೆ ಅಲ್ಲಿಂದ ಎಬ್ಬಿಸಿ, "ಹಿಂದೆ ಹೋಗಿ ಅಕ್ಕ, ಹಿಂದೆ ಜಾಗ ಉಂಟು" ಎಂದ. ಇಡೀ ಬಸ್ಸಿನಲ್ಲಿ ಇದ್ದದ್ದು ಅವಳೊಬ್ಬಳೇ.

ಎರಡು ಸೀಟಿ ಬಿತ್ತು. ಬಸ್ಸು ಹೊರಟಿತು.

ಕಂಕನಾಡಿಯವರೆಗೆ ಹೇಗೋ ಹೋಯಿತು. ನಂತೂರಿನಲ್ಲಿ ಬಸ್ಸು ಒಂದು ಹೆಜ್ಜೆ ಹೋಗಿ ನಿಲ್ಲುವುದು, ಸ್ವಲ್ಪ ಬಿಟ್ಟು ಇನ್ನೊಂದು ಹೆಜ್ಜೆ. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ನಂತೂರಿನಲ್ಲಿ ಬಸ್ಸು ಹೋಗುವುದೇ ಹಾಗೆ. ಯೂಸ್ಟೇಸ್ ಕೂಡ ಕಿಟಕಿಯ ಕಡೆ ನೋಡಿ ಲಾರಿಯವರಿಗೆ ಬೈದ. ಅದು ಟ್ರಾಫಿಕ್ ಅಲ್ಲ, ಲ್ಯಾಪ್‌ಟಾಪಿನ ಏದುಸಿರು ಎಂದು ಮರ್ವಾ ಹೇಳಿದ ಮೇಲೆಯೇ ನಮಗೆ ಗೊತ್ತಾದದ್ದು. ಕೊಟ್ಟಾರ ದಾಟಿತು. ಕೂಳೂರು ಸಂಕ ಹತ್ತಿತು. ನಡುವಿಗೆ ಬಂದಾಗ ಎಲ್ಲ ಗಟ್ಟಿಯಾಯಿತು. ಹೊಳೆಯ ನೀರು ನಿಂತಿತು, ನೀರಿನ ಮೇಲಿನ ಬಿಸಿಲು ನಿಂತಿತು, ಬಸ್ಸೂ ನಿಂತಿತು.

ನನ್ನ ಎದೆ ಒಮ್ಮೆ ಹಿಡಿದುಕೊಂಡಿತು. ಸುಳ್ಳು ಯಾಕೆ ಹೇಳಲಿ, ಅದೇ ಜಾಗ.

ಹನ್ನೊಂದು ಸಲ ಹೋದೆ. ಹನ್ನೊಂದು ಸಲವೂ ಸಂಕದ ನಡುವೆ ಅದೇ ಕತೆ. ಲ್ಯಾಪ್‌ಟಾಪಿಗೆ ಬೈದೆ, ಕರೆಂಟಿಗೆ ಬೈದೆ, ರೂಟು ಕಟ್ಟಿದ ಪುಣ್ಯಾತ್ಮನ ಪುಣ್ಯವನ್ನೂ ವಾಪಸು ತೆಗೆದುಕೊಂಡೆ. ಸುಹರಾ ಬಟಾಟೆ ಮುಗಿಸಿ ಬೀನ್ಸಿಗೆ ಬಂದಿದ್ದಳು. "ಕುಣಿಯಲಿಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದಳು. ಮೂವತ್ತೊಂದು ವರ್ಷದ ಸರ್ವೀಸಿಗೆ ಮನೆಯಲ್ಲಿ ಸಿಕ್ಕಿದ ಮರ್ಯಾದೆ ಇದು.

ಮರ್ವಾ ಕೂತು ನನಗೆ ಅರ್ಥ ಮಾಡಿಸಿದಳು. "ಲ್ಯಾಪ್‌ಟಾಪಿನ ತಲೆ ಒಳ್ಳೆದುಂಟು ಅಜ್ಜ. ಆದ್ರೆ ಚಿತ್ರ ಬಿಡಿಸುವ ಶಕ್ತಿ ಇಲ್ಲ. ಅಷ್ಟೆಲ್ಲ ನೀರು, ಬಿಸಿಲು ಬಿಡಿಸುವಾಗ ಸುಸ್ತಾಗ್ತದೆ. ಹೊರಗಿನಿಂದ ಒಂದು ಗ್ರಾಫಿಕ್ಸ್ ಕಾರ್ಡ್ ಕೊಟ್ರೆ ಸರಿಯಾಗ್ತದೆ. ಅದಕ್ಕೆ ಬೇಕಾದ ಪೋರ್ಟ್ ಇದರಲ್ಲಿ ಉಂಟು."

"ಹೊರಗಿನಿಂದ ಯಾಕೆ? ಒಳಗೆ ಹಾಕ್ಲಿಕ್ಕೆ ಆಗುದಿಲ್ವಾ?"

"ಒಳಗೆ ಜಾಗ ಇಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನನಗೆ ಅನಿಸಿತು. ಬಸ್ಸಿಗೆ ಎಳೆಯಲು ಶಕ್ತಿ ಸಾಲದಿದ್ದರೆ ಇನ್ನೊಂದು ಎಂಜಿನನ್ನು ಬಸ್‌ಸ್ಟ್ಯಾಂಡಿನಲ್ಲಿ ಇಟ್ಟು ಬೆಲ್ಟು ಕಟ್ಟುವವರನ್ನು ನಾನು ಕಂಡಿಲ್ಲ. ಆದರೆ ಸಂಕ ದಾಟುವುದಾದರೆ ಏನಾದರೂ ಆಗಲಿ. ನಿಯಾಝಿಗೆ ಹೇಳಿದೆ. ಅವನು ಊರಿಗೆ ಬರುವ ಝುಬೈರ್ ಎಂಬವರ ಕೈಯಲ್ಲಿ ಕಳಿಸಿದ.

ಗಲ್ಫಿನಿಂದ ಬಂದ ಕಟ್ಟನ್ನು ನಮ್ಮಲ್ಲಿ ಮನೆಯವರೆಲ್ಲ ಸುತ್ತ ಕೂತ ಮೇಲೆಯೇ ಬಿಚ್ಚುವುದು. ಮೇಲಿನ ಮನೆಯ ಆರಿಫಾ ಕೂಡ ಬಂದು ಕೂತಳು. ಅತ್ತರು, ಹಾಲಿನ ಪುಡಿ, ಬಾದಾಮಿ ಎಂದು ಕಾದ ಹೆಂಗಸರ ಎದುರು ಹೊರಬಂದದ್ದು ಒಂದು ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಕೂರಿಸಲು ಮೂರು ಫ್ಯಾನಿನ ಒಂದು ಕಾರ್ಡು. ಲ್ಯಾಪ್‌ಟಾಪಿಗಿಂತ ಅದರ ಸಹಾಯಕ್ಕೆ ಬಂದದ್ದೇ ನಾಲ್ಕು ಪಾಲು ದೊಡ್ಡದು. ಆರಿಫಾ ಅದನ್ನು ಮೂಸಿ ನೋಡಿದಳು.

ಮರ್ವಾ ಕಾರ್ಡನ್ನು ಪೆಟ್ಟಿಗೆಯಲ್ಲಿ ಕೂರಿಸಿ, ಪೆಟ್ಟಿಗೆಯಿಂದ ಒಂದು ದಪ್ಪ ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಇನ್ನೊಂದು ಕೇಬಲನ್ನು ಸುಹರಾಳ ಟಿವಿಗೆ ಎಳೆದಳು.

"ಟಿವಿ ಯಾಕೆ?" ಎಂದು ಸುಹರಾ ಕೇಳಿದಳು. ಅವಳ ಧಾರಾವಾಹಿಯ ಹೊತ್ತು.

"ಚಿತ್ರ ಪೆಟ್ಟಿಗೆಯಿಂದ ಸೀದಾ ಟಿವಿಗೆ ಹೋಗ್ಬೇಕು ಅಜ್ಜಿ. ವಾಪಸು ಲ್ಯಾಪ್‌ಟಾಪಿಗೇ ಬಂದ್ರೆ ಹೋಗುವುದೂ ಬರುವುದೂ ಒಂದೇ ಕೇಬಲಲ್ಲಿ ಆಗಿ ಬ್ಲಾಕ್ ಆಗ್ತದೆ."

ಇದು ನನಗೆ ಕೂಡಲೇ ಅರ್ಥವಾಯಿತು. ಕೂಳೂರಿನ ಎರಡು ಸಂಕಗಳಲ್ಲಿ ಒಂದನ್ನು ರಿಪೇರಿಗೆ ಮುಚ್ಚಿ ಇನ್ನೊಂದರಲ್ಲೇ ಎರಡೂ ಕಡೆಯ ಗಾಡಿ ಬಿಟ್ಟಾಗ ಏನಾಗುತ್ತದೆ ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಇಂಜಿನಿಯರಿಂಗ್ ಅಂದರೆ ಇಷ್ಟೇ ಆದರೆ ನಾನೂ ಓದಬಹುದಿತ್ತು.

ಮೊದಲ ದಿನ ನಂತೂರಿನಲ್ಲಿಯೇ ಟಿವಿ ಕಪ್ಪಾಯಿತು. ಮರ್ವಾ ಕೇಬಲು ನೋಡಿದಳು, ಲ್ಯಾಪ್‌ಟಾಪು ನೋಡಿದಳು, ಕೊನೆಗೆ ಪೆಟ್ಟಿಗೆಯ ಹತ್ತಿರ ಹೋದರೆ ಅದರ ಮೇಲೆ ನಾನು ಮೈ ಒರೆಸುವ ಒದ್ದೆ ಬೈರಾಸು. ಆಷಾಢದ ಮಳೆ, ನಾಲ್ಕು ದಿನದಿಂದ ಬಟ್ಟೆ ಒಣಗಿರಲಿಲ್ಲ. ಪೆಟ್ಟಿಗೆಯಿಂದ ಬಿಸಿ ಗಾಳಿ ಬರುವುದನ್ನು ಸುಹರಾ ಕಂಡುಹಿಡಿದಿದ್ದಳು.

"ಗಾಳಿ ಸುಮ್ಮನೆ ಹಾಳಾಗ್ತದಲ್ಲ ಅಂತ ಹಾಕಿದೆ," ಎಂದಳು. "ನೋಡಿ, ಅರ್ಧ ಒಣಗಿದೆ. ನಿಯಾಝ್ ಕಳಿಸಿದ್ದರಲ್ಲಿ ಪ್ರಯೋಜನಕ್ಕೆ ಬಂದದ್ದು ಇದೊಂದೇ."

ಗಾಳಿಯ ದಾರಿ ಮುಚ್ಚಿ ಪೆಟ್ಟಿಗೆ ಕಾದು ಹೋಗಿತ್ತು. ಬೈರಾಸು ತೆಗೆಸಿದೆವು. ಮರುದಿನ ಸಂಜೆಯ ಅಸರ್ ನಮಾಝ್ ಮುಗಿಸಿ ಕೂತೆ. ಸುಹರಾ ಬಸಳೆ ಸೊಪ್ಪಿನೊಟ್ಟಿಗೆ ಹಿಂದಿನ ಕುರ್ಚಿಯಲ್ಲಿ, ಅವಳ ಬದಿಯಲ್ಲಿ ಆರಿಫಾ. "ನನಗೆ ಕೊಟ್ಟಾರದಲ್ಲಿ ಇಳಿಯಲಿಕ್ಕುಂಟು" ಎಂದು ಆರಿಫಾ ಮೊದಲೇ ಹೇಳಿಟ್ಟಳು. ಯೂಸ್ಟೇಸ್ ಎರಡು ಸೀಟಿ ಹೊಡೆದ.

ಟಿವಿಯಲ್ಲಿ ಕಂಡದ್ದು ಮಂಗಳೂರೇ. ಅಂಗಡಿಯ ಬೋರ್ಡು ಓದಬಹುದು. ಬಸ್ಸು ಬೆಣ್ಣೆಯಲ್ಲಿ ಕತ್ತಿ ಹೋದ ಹಾಗೆ ಹೋಯಿತು. ಇಷ್ಟು ದಿನ ಕಪ್ಪು ಹಲಗೆಯ ಹಾಗಿದ್ದ ಬಸ್ಸಿನ ಕನ್ನಡಿಯಲ್ಲಿ ಈಗ ಹಿಂದಿನ ರಸ್ತೆಯೆಲ್ಲ ಕಾಣುತ್ತಿತ್ತು. "ಇಷ್ಟು ಪವರ್ ಇದ್ರೆ ಮಾತ್ರ ಕನ್ನಡಿ ಕೆಲಸ ಮಾಡುವುದು ಅಜ್ಜ," ಎಂದು ಮರ್ವಾ ಹೆಮ್ಮೆಯಿಂದ ಹೇಳಿದಳು.

ಇನ್ನೂ ಒಂದು ಸಂಗತಿ ಆಯಿತು. ರಸ್ತೆಯಲ್ಲಿ ಜನ ಬಂದಿದ್ದರು.

ಮೊದಲು ಒಂದು ನರಪಿಳ್ಳೆಯೂ ಇರಲಿಲ್ಲ. ಲ್ಯಾಪ್‌ಟಾಪಿಗೆ ಭಾರ ಆಗಬಾರದು ಎಂದು ಮರ್ವಾ ಜನರನ್ನೆಲ್ಲ ತೆಗೆದುಹಾಕಿದ್ದಳಂತೆ. ಈಗ ಪೆಟ್ಟಿಗೆ ಇದೆಯಲ್ಲ ಎಂದು ಅಷ್ಟನ್ನೂ ವಾಪಸು ತಂದಿದ್ದಾಳೆ. ಎಲ್ಲರೂ ಒಬ್ಬನೇ. ಬಿಳಿ ಪಂಚೆ, ಕಂಕುಳಲ್ಲಿ ಕೊಡೆ, ಎತ್ತಿದ ಬಲಗೈ. ಸ್ಟಾಪಿನಲ್ಲಿ ಅವನೇ, ಸ್ಟಾಪು ಇಲ್ಲದ ಕಡೆಯೂ ಅವನೇ. ಕೈ ಎತ್ತಿದವನನ್ನು ಸಿಟಿ ಬಸ್ಸು ಬಿಟ್ಟು ಹೋಗುವುದುಂಟಾ? ಯೂಸ್ಟೇಸ್ ಒಂದು ಸೀಟಿ ಹೊಡೆದ. ನಿಲ್ಲಿಸಿದೆ. ಬಾಗಿಲು ತೆರೆದೆ. ಸ್ಟಾಪಿನವನು ಹತ್ತಿದ. ಇಪ್ಪತ್ತು ಹೆಜ್ಜೆ ಮುಂದೆ ಮತ್ತೊಬ್ಬ, ಮತ್ತೆ ಒಂದು ಸೀಟಿ. ಇವನು ಹತ್ತಲಿಲ್ಲ, ಕೈ ಇಳಿಸಲೂ ಇಲ್ಲ.

"ಸ್ಟಾಪ್ ಇಲ್ಲದಲ್ಲಿ ನಿಂತವರು ಪ್ಯಾಸೆಂಜರ್ ಅಲ್ಲ ಅಜ್ಜ. ಸುಮ್ಮನೆ ಚಂದಕ್ಕೆ ಇಟ್ಟದ್ದು," ಎಂದಳು ಮರ್ವಾ.

"ಚಂದಕ್ಕೆ ನಿಂತವ ಕೈ ಯಾಕೆ ಎತ್ತುವುದು?" ಎಂದು ಯೂಸ್ಟೇಸ್ ಕೇಳಿದ.

ನಂತೂರಿಗೆ ಬರುವಷ್ಟರಲ್ಲಿ ಹದಿನೆಂಟು ನಿಮಿಷ ಲೇಟು. ಲ್ಯಾಪ್‌ಟಾಪು ಗಾಳಿಯ ಹಾಗೆ ಓಡುತ್ತಿತ್ತು, ಬಸ್ಸು ಮಾತ್ರ ಮೊದಲಿಗಿಂತ ನಿಧಾನ. ಕೊಟ್ಟಾರ ಬಂದಾಗ ಆರಿಫಾ ಎದ್ದು ಚಪ್ಪಲಿ ಹಾಕಿ, ಯೂಸ್ಟೇಸ್ ಸೀಟಿ ಹೊಡೆದ ಮೇಲೆ ಬಾಗಿಲು ದಾಟಿ, ಮೆಟ್ಟಿಲು ಹತ್ತಿ ತನ್ನ ಮನೆಗೆ ಹೋದಳು.

ಆಮೇಲೆ ಕೂಳೂರು. ಸಂಕ ಹತ್ತಿದೆ. ನೀರು ನಿಲ್ಲಲಿಲ್ಲ. ಬಿಸಿಲು ಅಲ್ಲಾಡುತ್ತಲೇ ಇತ್ತು. ಪೆಟ್ಟಿಗೆಯ ಫ್ಯಾನುಗಳು ಜೋರಾಗಿ ಊದಿದವು, ಬಸ್ಸು ಮುಂದಕ್ಕೆ ಹೋಯಿತು. ನಡುವಿಗೆ ಬಂದಾಗ ನಾನೇ ಬ್ರೇಕ್ ಒತ್ತಿದೆ. ಸೀಟಿಗೆ ಕಾಯಲಿಲ್ಲ.

ಸಂಕದ ಮೇಲೆ ಜನ ನಿಂತಿದ್ದರು. ಒಬ್ಬರ ಹಿಂದೆ ಒಬ್ಬರು, ಕಂಬಿಗೆ ತಾಗಿಕೊಂಡು, ಎಲ್ಲರೂ ಕೈ ಎತ್ತಿ.

ಬಾಗಿಲು ತೆರೆದೆ. ಯಾರೂ ಹತ್ತಲಿಲ್ಲ. ಹಾರ್ನ್ ಹಾಕಿದೆ. "ಹತ್ತಿ ಮಾರಾಯ್ರೆ," ಎಂದು ಟಿವಿಗೆ ಹೇಳಿದೆ.

"ಇಲ್ಲಿ ಸ್ಟಾಪ್ ಇಲ್ಲ ಅಜ್ಜ. ಅವರು ಹತ್ತುವುದಿಲ್ಲ. ನೀವು ಹೋಗಿ, ಸಂಕ ದಾಟ್ಲಿಕ್ಕೇ ಅಲ್ವಾ ಇಷ್ಟೆಲ್ಲ ಮಾಡಿದ್ದು?"

"ಇವರನ್ನು ಬಿಟ್ಟು ಹೋಗ್ಲಿಕ್ಕೆ ಅಲ್ಲ," ಎಂದೆ. "ಒಂದು ಸಲ ಬಿಟ್ಟಾಯ್ತು. ಇನ್ನೊಂದು ಸಲ ನನ್ನಿಂದ ಆಗುದಿಲ್ಲ."

ಸುಹರಾಳ ಕೈಯಲ್ಲಿ ಬಸಳೆಯ ದಂಟು ಹಾಗೆಯೇ ಉಳಿಯಿತು. ಟಿವಿಯಲ್ಲಿ ನನ್ನ ಹಿಂದೆ ಗಾಡಿಗಳು ಸಾಲುಗಟ್ಟಿ ಹಾರ್ನ್ ಹೊಡೆಯತೊಡಗಿದವು. ನಾನು ಹ್ಯಾಂಡ್‌ಬ್ರೇಕ್ ಎಳೆದು ಕೂತೆ. ರಾತ್ರಿಯಾದರೂ ಆಗಲಿ, ಏಳುವುದಿಲ್ಲ ಎಂದು ನಿಶ್ಚಯ ಮಾಡಿದೆ.

ಆಗ ಯೂಸ್ಟೇಸ್ ಎದ್ದ. ಟಿವಿಯ ಹತ್ತಿರ ಹೋಗಿ ಬಸ್ಸಿನ ಬಾಗಿಲಿರುವ ಬದಿಗೆ ನಿಂತ. ಒಂದು ಕೈಯಲ್ಲಿ ಸುಹರಾಳ ಶೋಕೇಸಿನ ಅಂಚು ಹಿಡಿದುಕೊಂಡು, ಇನ್ನೊಂದು ಕೈ ಬೀಸಿ ತುಳುವಿನಲ್ಲಿ ಕರೆಯತೊಡಗಿದ. "ಬಲೆ ಬಲೆ, ಬೇಗ ಬಲೆ. ಪಿರ ಪೋಲೆ, ಪಿರ ಜಾಗೆ ಉಂಡು." ಬನ್ನಿ, ಹಿಂದೆ ಹೋಗಿ, ಹಿಂದೆ ಜಾಗ ಇದೆ. ಮೂವತ್ತೊಂದು ವರ್ಷ ನನ್ನ ಬೆನ್ನ ಹಿಂದೆ ಕೇಳಿದ ಸ್ವರ. ಒಬ್ಬೊಬ್ಬರ ಹೆಗಲು ಮುಟ್ಟಿದ ಹಾಗೆ ಟಿವಿಯ ಗಾಜು ಮುಟ್ಟುತ್ತ ಎಣಿಸಿದ. ಒಂದು, ಎರಡು, ಮೂರು.

ನಾನು ಆಗಲೇ ಎಣಿಸಿದ್ದೆ. ಸಂಕದ ಮೇಲೆ ಇದ್ದದ್ದು ಹತ್ತೊಂಬತ್ತು ಮಂದಿ. ಅವನು ಹತ್ತೊಂಬತ್ತಕ್ಕೆ ನಿಲ್ಲಿಸಲಿಲ್ಲ. ಇಪ್ಪತ್ತು ಎಂದ, ಇಪ್ಪತ್ತೊಂದು ಎಂದ, ಬರಿಯ ಗಾಜನ್ನು ಮುಟ್ಟಿ ಮುಟ್ಟಿ ಇಪ್ಪತ್ತೇಳರವರೆಗೆ ಹೋದ.

"ಪೊರ್ಬು," ಎಂದೆ. ಮೂರು ವರ್ಷ ಕೇಳದೆ ಬಿಟ್ಟದ್ದನ್ನು ಕೇಳಿದೆ. "ಅವತ್ತೂ ಹೀಗೆ ಎಣಿಸಿದ್ದಿಯಾ?"

ಅವನು ನನ್ನ ಕಡೆ ತಿರುಗಲಿಲ್ಲ. "ಇಲ್ಲ ಉಮರಾಕ. ಅವತ್ತು ಎಣಿಸ್ಲಿಕ್ಕೆ ಆಗ್ಲಿಲ್ಲ. ನಿಮ್ಮ ಎದೆ ಒತ್ತುತ್ತಾ ಇದ್ದೆ. ಅವರೆಲ್ಲ ಆ ಬಸ್ಸಿಗೆ ಹತ್ತಿದ್ರೋ, ನಡ್ಕೊಂಡು ಹೋದ್ರೋ, ನನಗೆ ಗೊತ್ತಿಲ್ಲ. ಅದೊಂದು ದಿನ ನಾನು ಹಿಂದೆ ನೋಡ್ಲಿಲ್ಲ."

ನನಗೆ ನಾಚಿಕೆಯಾಯಿತು. ಮೂರು ವರ್ಷ ಇಪ್ಪತ್ತೇಳು ಮಂದಿಯ ಚಿಂತೆ ಮಾಡಿದವನು, ಆ ಬಸ್ಸಿನಲ್ಲಿ ಇಪ್ಪತ್ತೆಂಟನೆಯವನೊಬ್ಬ ಇದ್ದ ಎಂದು ಒಮ್ಮೆಯೂ ನೆನೆದಿರಲಿಲ್ಲ. ಅವನು ಈ ಲೆಕ್ಕ ಹೊತ್ತುಕೊಂಡು ಬಿಜೈಯಲ್ಲಿ ಒಬ್ಬನೇ ಕೂತಿದ್ದ.

"ಈಗ ಎಣಿಸಿ ಆಯ್ತು," ಎಂದ ಯೂಸ್ಟೇಸ್. "ಎಲ್ಲ ಒಳಗೆ ಉಂಟು. ರೈಟ್."

ಎರಡು ಸೀಟಿ ಹೊಡೆದ.

ಟಿವಿಯಲ್ಲಿ ಹತ್ತೊಂಬತ್ತು ಮಂದಿಯೂ ಅಲ್ಲೇ ನಿಂತಿದ್ದರು, ಕೈ ಎತ್ತಿಕೊಂಡು. ನನ್ನ ಕಣ್ಣಿಗೆ ಏನೂ ಆಗಿಲ್ಲ, ಕಂಡಿತು. ಆದರೆ ಸೀಟಿ ಬಿದ್ದಾಗಿತ್ತು. ಹ್ಯಾಂಡ್‌ಬ್ರೇಕ್ ಇಳಿಸಿ ಫಸ್ಟ್ ಗೇರು ಹಾಕಿದೆ.

"ಮರ್ವಾ, ಆ ಕನ್ನಡಿಯನ್ನು ಮೊದಲಿನ ಹಾಗೆ ಕಪ್ಪು ಮಾಡು."

"ಮಾಡ್ತೇನೆ," ಎಂದಳು. ಮೂಗು ಒರೆಸಿಕೊಂಡು, "ಅದು ಇಲ್ಲದಿದ್ರೆ ಸ್ಪೀಡ್ ಕೂಡ ಜಾಸ್ತಿ ಸ್ವಲ್ಪ," ಎಂದಳು.

ಸಂಕ ದಾಟಿತು. ಕಾಟಿಪಳ್ಳ ಮುಟ್ಟುವಾಗ ನಲವತ್ತೇಳು ನಿಮಿಷ ಲೇಟು. ನಿಜವಾದ ರೂಟಿನಲ್ಲಿ ಆಗಿದ್ದರೆ ಹಿಂದಿನ ಬಸ್ಸಿನವರು ನಮ್ಮನ್ನು ತಿಂದು ನೀರು ಕುಡಿಯುತ್ತಿದ್ದರು. ಸುಹರಾ ಸೊಪ್ಪಿನ ತಟ್ಟೆ ಹಿಡಿದು ಎದ್ದು, "ಬಂತಾ?" ಎಂದು ಕೇಳಿದಳು. "ಬಂತು," ಎಂದ ಯೂಸ್ಟೇಸ್. ಅವಳು ಇಳಿದು ಚಾ ಇಡಲು ಹೋದಳು.

ಎಂಜಿನ್ ಆಫ್ ಮಾಡಿದೆ. ಟ್ರಿಪ್ಪು ಮುಗಿದ ಮೇಲೆ ಬಸ್ಸಿನ ಕೀ ಕಂಡಕ್ಟರನ ಕೈಗೆ ಕೊಡುವುದು ನಮ್ಮಿಬ್ಬರ ರೂಢಿ, ಆಸ್ಪತ್ರೆ ಸೇರಿದ ದಿನ ಮಾತ್ರ ಕೊಟ್ಟಿರಲಿಲ್ಲ. ಅಭ್ಯಾಸಬಲದಿಂದ ಬಲಗೈ ಹಿಂದಕ್ಕೆ ಚಾಚಿದೆ, ಆಮೇಲೆ ನೋಡಿದರೆ ಕೈಯಲ್ಲಿ ಏನೂ ಇರಲಿಲ್ಲ. ಯೂಸ್ಟೇಸ್ ಅದನ್ನು ತೆಗೆದುಕೊಂಡು ಖಾಕಿ ಅಂಗಿಯ ಕಿಸೆಗೆ ಹಾಕಿಕೊಂಡ.